ಹೊಸಿಲಿಲ್ಲದ ಬಾಗಿಲಿಗೆ ಬೀಗ

ಈ ಕೆಲಸಕ್ಕೆ ಹೊಸದಾಗಿ ಬರುವವರು ಮೊದಲು ಒಂದು ಪೊರಕೆ ಕೊಳ್ಳಿ. ಡ್ರಿಲ್ ಮೆಷಿನ್ ಆಮೇಲೆ ಕೊಂಡರೂ ನಡೆಯುತ್ತದೆ. ತಮಾಷೆಗೆ ಹೇಳುತ್ತಿಲ್ಲ. ಸ್ಲೈಡಿಂಗ್ ಬಾಗಿಲಿನ ಲಾಕ್ ಕೆಟ್ಟಿದೆ, ಬಂದು ಬದಲಾಯಿಸಿ ಎಂದು ಕರೆದ ಎಷ್ಟೋ ಮನೆಗಳಲ್ಲಿ ಲಾಕ್ ಕೆಟ್ಟಿರುವುದೇ ಇಲ್ಲ. ಕೆಳಗಿನ ಟ್ರ್ಯಾಕಿನಲ್ಲಿ ಕಸ ತುಂಬಿ, ಗಾಲಿ ಸವೆದು, ಬಾಗಿಲು ಒಂದಿಷ್ಟು ಕುಸಿದಿರುತ್ತದೆ. ಬಾಗಿಲಿನ ಕೊಕ್ಕೆ ಚೌಕಟ್ಟಿನ ಕಂಡಿಗೆ ಸಿಗುವುದಿಲ್ಲ. ಮನೆಯವರು ಮೊದಲು ಎಳೆಯುತ್ತಾರೆ, ಆಮೇಲೆ ಗುದ್ದುತ್ತಾರೆ, ಕೊನೆಗೆ ಲಾಕ್ ನಿಜವಾಗಿಯೂ ಕೆಡುತ್ತದೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದರಂತೆ ಎನ್ನುವುದು ಇದಕ್ಕೇ.

ನನ್ನ ಮಂಡಿ ಸೋತು ನಾನು ಕೆಲಸ ಬಿಟ್ಟೆ. ಕುಕ್ಕರಗಾಲಿನಲ್ಲಿ ಕೂರಲಾಗದವನಿಗೆ ಈ ಕಸುಬಿನಲ್ಲಿ ಜಾಗವಿಲ್ಲ. ಈಗ ಐಟಿಐ ಮುಗಿಸಿದವರು ಆಗಾಗ ಮನೆಗೆ ಬಂದು, ರಂಗಣ್ಣ, ಈ ಲಾಕ್ ಹೇಗೆ ಬಿಚ್ಚೋದು, ಆ ಗಾಲಿ ಎಲ್ಲಿ ಸಿಗುತ್ತೆ ಎಂದು ಕೇಳುತ್ತಾರೆ. ಬಿಚ್ಚುವುದನ್ನು ಫೋನಿನ ವಿಡಿಯೊ ನೋಡಿಯೇ ಕಲಿಯಬಹುದು. ವಿಡಿಯೊದಲ್ಲಿ ಇಲ್ಲದ್ದನ್ನು ಬರೆಯೋಣ ಎಂದು ಕೂತಿದ್ದೇನೆ.

ನಮ್ಮದು ಹೆಬ್ಬೂರು. ಅಪ್ಪ ಮರಗೆಲಸದವರು, ತೇಗ, ಹೊನ್ನೆಯ ಬಾಗಿಲು ಮಾಡಿದ ಕೈ. ನಾನು ಹೈವೇ ಬದಿಯ ಬಟವಾಡಿಯ ಅಲ್ಯೂಮಿನಿಯಂ ವರ್ಕ್‌ಶಾಪಿಗೆ ಸೇರುತ್ತೇನೆ ಎಂದಾಗ, ಪಾತ್ರೆ ಮಾಡುವುದರಲ್ಲಿ ಬಾಗಿಲು ಮಾಡುತ್ತಾರಂತೆ ಎಂದು ಊರವರ ಮುಂದೆಲ್ಲ ಹೇಳಿಕೊಂಡು ನಕ್ಕರು. ವರ್ಕ್‌ಶಾಪಿನಲ್ಲಿ ನನ್ನ ಮೇಲಿದ್ದವರು ಕೆಂಪಣ್ಣ ಮೇಸ್ತ್ರಿ. ಮುಂಗೋಪಿ. ಸ್ಕ್ರೂ ಅತಿಯಾಗಿ ಬಿಗಿ ಮಾಡಿದರೆ ಸ್ಕ್ರೂಡ್ರೈವರ್ ಕಿತ್ತುಕೊಂಡು ಬೀದಿಗೆ ಎಸೆಯುತ್ತಿದ್ದರು, ಹೋಗಿ ಎತ್ತಿಕೊಂಡು ಬರಬೇಕಾದವನು ನಾನೇ. ಎಂಥ ದೊಡ್ಡವರ ಮನೆಗೇ ಹೋಗಲಿ, ಬಾಗಿಲಿನ ಮುಂದೆ ಬೋರಲು ಮಲಗಿ, ಕೆನ್ನೆಯನ್ನು ನೆಲಕ್ಕೆ ಹಚ್ಚಿ, ಒಂದು ಕಣ್ಣು ಮುಚ್ಚಿ ಟ್ರ್ಯಾಕ್ ನೋಡುತ್ತಿದ್ದರು. ಮನೆಯ ಹೆಂಗಸರು ಇವರಿಗೆ ಏನೋ ಆಯಿತೆಂದು ಗಾಬರಿಯಾಗಿ ನೀರು ತರಲು ಓಡಿದ್ದೂ ಉಂಟು.

ನಾನೊಮ್ಮೆ ಅವರನ್ನು ಕೇಳಿದೆ, ಲಾಕ್ ಮೇಲಿರುವಾಗ ಕೆಳಗೇನು ನೋಡುತ್ತೀರಿ ಎಂದು.

"ಬಾಗ್ಲು ನಿಲ್ಲೋದು ಬೀಗದ ಮೇಲಲ್ಲ ಕಣ್ಲಾ, ಕಾಲಿನ ಮೇಲೆ," ಎಂದರು. "ಮೊದ್ಲು ಕಾಲ್ ನೋಡು."

ಇನ್ನು ಲಾಕ್ ನಿಜವಾಗಿಯೂ ಹೋಗಿದ್ದರೆ ಮಾಡಬೇಕಾದ್ದು ಹೆಚ್ಚೇನಿಲ್ಲ. ಬಿಚ್ಚುವ ಮುಂಚೆ ಒಂದು ಫೋಟೋ ತೆಗೆದುಕೊಳ್ಳಿ, ಕೊಕ್ಕೆ ಮೇಲ್ಮುಖವೋ ಕೆಳಮುಖವೋ ಎಂದು ಆಮೇಲೆ ಜಗಳವಾಗುವುದಿಲ್ಲ. ಅಳತೆ ಬರೆದುಕೊಂಡು ಹೋಗುವುದಕ್ಕಿಂತ ಹಳೆಯ ಲಾಕನ್ನೇ ಜೇಬಿಗೆ ಹಾಕಿಕೊಂಡು ಅಂಗಡಿಗೆ ಹೋಗಿ. ಎರಡು ಸ್ಕ್ರೂಗಳ ನಡುವಿನ ಅಂತರ ಒಂದು ಕಂಪನಿಯದು ಇನ್ನೊಂದಕ್ಕೆ ಹೊಂದುವುದಿಲ್ಲ. ಹೊಸ ಲಾಕ್ ಕೂರಿಸಿದ ಮೇಲೆ ಚೌಕಟ್ಟಿನಲ್ಲಿ ಕೊಕ್ಕೆ ಹಿಡಿಯುವ ಕಂಡಿಯ ಪಟ್ಟಿಯನ್ನು ಸಡಿಲವಾಗಿ ಬಿಟ್ಟು, ಕೊಕ್ಕೆ ತಾನಾಗಿ ಎಲ್ಲಿ ಬಂದು ಕೂರುತ್ತದೋ ನೋಡಿ, ಅಲ್ಲಿ ಬಿಗಿ ಮಾಡಿ. ಕಡೆಯದಾಗಿ, ಬಾಗಿಲು ತೆರೆದಿರುವಾಗಲೇ ಲಾಕನ್ನು ನಾಲ್ಕಾರು ಸಲ ತಿರುಗಿಸಿ ಪರೀಕ್ಷೆ ಮಾಡಿ.

ಈ ಕಡೆಯ ಮಾತನ್ನು ನಾನು ಗುಬ್ಬಿಯಲ್ಲಿ ಕಲಿತೆ. ಅಲ್ಲೊಬ್ಬರು ಕೊಬ್ಬರಿ ವ್ಯಾಪಾರಿ ಮನೆ ಕಟ್ಟಿಸಿದ್ದರು. ಗೃಹಪ್ರವೇಶದ ದಿನವೇ ಮಹಡಿಯ ಬಾಲ್ಕನಿಯ ಬಾಗಿಲಿಗೆ ಲಾಕ್ ಹಾಕುವುದು ಉಳಿದಿತ್ತು. ಕೆಳಗೆ ಹೋಮ ನಡೆಯುತ್ತಿದ್ದಾಗ ನಾನು ಮೇಲೆ ಲಾಕ್ ಕೂರಿಸಿ, ಹೊರಗಡೆಯಿಂದ ಹೇಗೆ ಕಾಣುತ್ತದೆ ನೋಡೋಣ ಎಂದು ಬಾಲ್ಕನಿಗೆ ಹೋಗಿ ಬಾಗಿಲು ಎಳೆದೆ. ಅದು ಎಳೆದರೆ ತಾನೇ ಬೀಳುವ ಲಾಕ್, ಹೊರಗಿನಿಂದ ಕೀಲಿ ಹಾಕುವ ತೂತೂ ಇಲ್ಲ. ಟಕ್ ಎಂದಿತು. ಒಳಗೆ ನನ್ನ ಟೂಲ್ ಬ್ಯಾಗು, ಫೋನು. ಕೆಳಗೆ ಓಲಗ. ನಾನು ಬಾಲ್ಕನಿಯಿಂದ ಕೈ ಬೀಸಿದೆ. ಬಂದ ನೆಂಟರೆಲ್ಲ, ಮನೆಯ ಕಡೆಯವರು ಯಾರೋ ಸ್ವಾಗತ ಮಾಡುತ್ತಿದ್ದಾರೆ ಎಂದುಕೊಂಡು ತಿರುಗಿ ಕೈ ಬೀಸಿ ಊಟದ ಪಂಕ್ತಿಗೆ ಹೋದರು. ಪಂಕ್ತಿಯ ಮೇಲೆ ಪಂಕ್ತಿ ಎದ್ದಿತು. ಹೋಳಿಗೆಯ ವಾಸನೆ ಮೇಲಕ್ಕೆ ಬರುತ್ತಿತ್ತು. ಕೊನೆಗೆ ಮನೆ ತೋರಿಸಲು ನೆಂಟರನ್ನು ಮೇಲೆ ಕರೆದುಕೊಂಡು ಬಂದ ಯಜಮಾನರು, ಗಾಜಿನ ಹಿಂದೆ ನನ್ನನ್ನು ಕಂಡು, ಲಾಕ್ ಚೆನ್ನಾಗಿ ಕೆಲಸ ಮಾಡುತ್ತಿದೆ ಎಂದು ಎಲ್ಲರಿಗೂ ಹೇಳಿ ಆಮೇಲೆ ಬಾಗಿಲು ತೆಗೆದರು. ಕೆಂಪಣ್ಣ ಈ ಕಥೆಯನ್ನು ಸಾಯುವವರೆಗೂ ಹೇಳಿಕೊಂಡು ತಿರುಗಿದರು.

ಟ್ರ್ಯಾಕಿನ ಪಾಠ ಕಲಿತದ್ದು ಕುಣಿಗಲ್‌ನಲ್ಲಿ. ಒಂದೇ ಮನೆಯಿಂದ ಒಂದೇ ಬಾಗಿಲಿಗೆ ಮತ್ತೆ ಮತ್ತೆ ಕರೆ. ಲಾಕ್ ಬದಲಾಯಿಸಿ ಬಂದರೆ ಎರಡು ಹಬ್ಬ ಕಳೆಯುವುದರೊಳಗೆ ಮತ್ತೆ ಕೊಕ್ಕೆ ಸಿಗುತ್ತಿರಲಿಲ್ಲ. ಕೊನೆಗೆ ನಾನೂ ಕೆಂಪಣ್ಣನ ಹಾಗೆ ಬೋರಲು ಮಲಗಿ ನೋಡಿದೆ. ಟ್ರ್ಯಾಕಿನ ತುಂಬ ಹಳದಿ ಕೆಸರು. ಅರಿಶಿನ, ಕುಂಕುಮ, ರಂಗೋಲಿ ಪುಡಿ, ಹೂವಿನ ಎಸಳು, ಎಲ್ಲ ನೀರಿನಲ್ಲಿ ಕಲೆತು ಗಟ್ಟಿಯಾಗಿ ಗಾಲಿಯನ್ನು ಹಿಡಿದುಕೊಂಡಿತ್ತು. ಮನೆಯ ಯಜಮಾನಿ ಪ್ರತಿದಿನ ಬೆಳಿಗ್ಗೆ ಆ ಅಲ್ಯೂಮಿನಿಯಂ ಟ್ರ್ಯಾಕಿಗೆ ನೀರು ಹಾಕಿ ತೊಳೆದು, ಅರಿಶಿನ ಬಳಿದು ಪೂಜೆ ಮಾಡುತ್ತಿದ್ದರು. ಇದು ಹೊಸಿಲಲ್ಲ, ಗಾಲಿ ಓಡುವ ದಾರಿ ಎಂದು ನಾನು ಹೇಳಿದೆ. ಬಾಗಿಲು ಅಂದ ಮೇಲೆ ಹೊಸಿಲು ಇರಲೇಬೇಕಲ್ಲ, ನೀವು ಇಡದಿದ್ದರೆ ಅದು ನಮ್ಮ ತಪ್ಪೇ ಎಂದು ಅವರು ಕೇಳಿದರು.

ಅದಾದ ಮೇಲೆ ನೋಡಿದರೆ ನಮ್ಮ ಸೀಮೆಯ ಎಷ್ಟೋ ಮನೆಗಳಲ್ಲಿ ಇದೇ ಕಥೆ. ಮರದ ಬಾಗಿಲಿಗೆ ದಪ್ಪನೆಯ ಹೊಸಿಲು ಇರುತ್ತದೆ, ಎಷ್ಟು ತೊಳೆದರೂ ತಡೆಯುತ್ತದೆ. ಸ್ಲೈಡಿಂಗ್ ಬಾಗಿಲಿಗೆ ಅದು ಇಲ್ಲ. ನಮ್ಮ ಹೆಂಗಸರಿಗೆ ಹೊಸಿಲಿಲ್ಲದ ಬಾಗಿಲು ಬಾಗಿಲೇ ಅಲ್ಲ. ಹೀಗಾಗಿ ನಾನು ಹೋದ ಮನೆಯಲ್ಲೆಲ್ಲ ಲಾಕ್ ಹಾಕುವುದರ ಜೊತೆಗೆ ಒಂದು ಭಾಷಣವನ್ನೂ ಬಿಗಿಯುತ್ತಿದ್ದೆ, ನೀರು ಹಾಕಬೇಡಿ, ಅರಿಶಿನ ಹಚ್ಚಬೇಡಿ, ರಂಗೋಲಿ ದೂರ ಬಿಡಿ ಎಂದು. ಅಲ್ಯೂಮಿನಿಯಂ ಹೋಗಿ ಯುಪಿವಿಸಿ ಎನ್ನುವ ಗಟ್ಟಿ ಪ್ಲಾಸ್ಟಿಕ್ ಬಂತು, ಒಂದು ಕೊಕ್ಕೆಯ ಬದಲು ಮೇಲೆ, ನಡುವೆ, ಕೆಳಗೆ ಮೂರು ಕಡೆ ಹಿಡಿಯುವ ಲಾಕುಗಳು ಬಂದವು, ಬೆರಳು ಒತ್ತಿದರೆ ತೆರೆಯುವವೂ ಬಂದವು. ನನ್ನ ಭಾಷಣ ಮಾತ್ರ ಬದಲಾಗಲಿಲ್ಲ. ಅದನ್ನು ಬದಲಾಯಿಸಿದ್ದು ಬಟವಾಡಿಯ ಒಂದು ಮನೆ. ನಾನು ಕೆಲಸ ಬಿಡುವುದಕ್ಕೆ ಸ್ವಲ್ಪ ಮುಂಚೆ ನಡೆದದ್ದು. ಅದನ್ನು ವಿವರವಾಗಿ ಬರೆಯಬೇಕು.

ಮನೆ ಮಂಜುನಾಥ್ ಎನ್ನುವವರದು. ಅವರಿಗೆ ಗುಬ್ಬಿಯಲ್ಲಿ ಆಫೀಸು, ಹೆಂಡತಿ ಸುಶೀಲಾ ಮೇಡಂ ಹೈಸ್ಕೂಲ್ ಟೀಚರು. ಮಂಜುನಾಥ್ ಅವರ ತಾಯಿ ಗೌರಮ್ಮನವರು ಸಿ.ಎಸ್. ಪುರದಲ್ಲಿ ಹೊಲ, ಹಸು ಎಂದು ದುಡಿದು ಬಂದವರು. ಅವರಿಗೆ ಮರೆವಿನ ಕಾಯಿಲೆ ಶುರುವಾಗಿತ್ತು. ಆ ಮನೆಯ ಮುಂಬಾಗಿಲು ಮರದ್ದು, ಪಡುವಲಿಗೆ ಮುಖ. ಅಮ್ಮನ ರೂಮಿನಿಂದ ಪೂರ್ವಕ್ಕೆ ಒಂದು ಸ್ಲೈಡಿಂಗ್ ಬಾಗಿಲು, ಅದರಾಚೆ ಜಗಲಿಯಂಥ ಸಣ್ಣ ಸಿಟ್‌ಔಟು, ಅದರ ಪಕ್ಕದಲ್ಲೇ ಮಹಡಿಯ ಬಾಡಿಗೆಯವರು ಓಡಾಡುವ ಓಣಿ. ಊರಿನ ಮನೆಯ ತಲೆಬಾಗಿಲು ಪೂರ್ವಕ್ಕಿತ್ತು. ಹೀಗಾಗಿ ಗೌರಮ್ಮನವರ ಲೆಕ್ಕದಲ್ಲಿ ಆ ಸ್ಲೈಡಿಂಗ್ ಬಾಗಿಲೇ ಮನೆಯ ತಲೆಬಾಗಿಲು, ಮುಂಬಾಗಿಲಿನ ಕಡೆ ಅವರು ಹೋಗುತ್ತಲೇ ಇರಲಿಲ್ಲ.

ಅವರು ದಿನಾ ಕೋಳಿ ಕೂಗುವ ಹೊತ್ತಿಗೆ ಎದ್ದು, ಚೊಂಬಿನಲ್ಲಿ ನೀರು ಹಿಡಿದು, ಆ ಬಾಗಿಲು ತೆರೆದು ಟ್ರ್ಯಾಕಿಗೆ ಹಾಕಿ, ರಂಗೋಲಿ ಬಿಡುತ್ತಿದ್ದರು. ಬರಬರುತ್ತ, ರಂಗೋಲಿ ಬಿಟ್ಟ ಮೇಲೆ ವಾಪಸು ಒಳಗೆ ಬರುವುದು ಮರೆಯತೊಡಗಿತು. ಕೊಟ್ಟಿಗೆ ಹುಡುಕಿಕೊಂಡು ನಡೆದುಬಿಡುತ್ತಿದ್ದರು. ಒಂದು ಬೆಳಿಗ್ಗೆ ಹೈವೇಯ ಅಂಚಿನಲ್ಲಿ, ಲಾರಿಗಳು ಹಾಯುವ ಕಡೆ ಖಾಲಿ ಚೊಂಬು ಹಿಡಿದು ನಿಂತಿದ್ದವರನ್ನು ಯಾರೋ ಆಟೋದವರು ಗುರುತು ಹಿಡಿದು ಕರೆದುಕೊಂಡು ಬಂದರು. ಅವತ್ತೇ ಮಂಜುನಾಥ್ ನನಗೆ ಫೋನ್ ಮಾಡಿದ್ದು. ಗೇಟಿಗೆ ಬೀಗ ಹಾಕುವ ಹಾಗಿಲ್ಲ, ಬಾಡಿಗೆಯವರು, ಹಾಲಿನವರು ಓಡಾಡುತ್ತಾರೆ. ಆದ್ದರಿಂದ ಬಾಗಿಲಿಗೇ ಒಳಗಿನಿಂದಲೂ ಕೀಲಿ ಬೇಕಾಗುವ ಲಾಕ್ ಹಾಕಿ, ಅಮ್ಮನ ಕೈಯಲ್ಲಿ ತೆಗೆಯಲಾಗಬಾರದು ಎಂದರು.

ಅಲ್ಲಿಯವರೆಗೂ ನಾನು ಹಾಕಿದ ಲಾಕುಗಳೆಲ್ಲ ಹೊರಗಿನವರು ಒಳಗೆ ಬರದಿರಲಿ ಎಂದು. ಮನೆಯವರನ್ನೇ ಒಳಗಿಡುವ ಲಾಕ್ ಅದೇ ಮೊದಲು. ಬೆಂಕಿ ಗಿಂಕಿ ಆದರೆ ಏನು ಮಾಡುತ್ತೀರಿ ಎಂದು ಕೇಳಿದೆ. ಕೀಲಿ ಪಕ್ಕದ ನಮ್ಮ ರೂಮಿನಲ್ಲೇ ಇರುತ್ತದೆ ಎಂದರು ಮೇಡಂ. ಸರಿ ಎಂದು ಹಾಕಿದೆ. ಟ್ರ್ಯಾಕಿನ ಹಳದಿ ಕೆಸರು ಕೆರೆದು ತೆಗೆದೆ, ಗಾಲಿ ಬದಲಾಯಿಸಿದೆ, ಬಾಗಿಲು ಕಿರುಬೆರಳಿಗೆ ಓಡುವಂತೆ ಮಾಡಿದೆ. ಮೇಡಂಗೆ ನನ್ನ ಭಾಷಣವೂ ಆಯಿತು. ಇನ್ನು ಮೇಲೆ ಬಾಗಿಲು ತೆರೆಯುವುದೇ ಇಲ್ಲವಲ್ಲ, ಟ್ರ್ಯಾಕಿಗೆ ನೀರೂ ಬೀಳುವುದಿಲ್ಲ, ಒಂದೇ ಏಟಿಗೆ ಎರಡು ಹಕ್ಕಿ ಎಂದು ಹೆಮ್ಮೆಯಿಂದ ಹೇಳಿದೆ. ಮಂಚದ ಮೇಲೆ ಕೂತು ನೋಡುತ್ತಿದ್ದ ಗೌರಮ್ಮನವರು, ಯಾರ ಮನೆಗೆ ಮಾಡುತ್ತಿದ್ದೀಯಪ್ಪ ಬಾಗಿಲು ಎಂದು ಕೇಳಿದರು. ನಿಮ್ಮನೆಗೇ ಅಮ್ಮ ಎಂದೆ.

ಕೆಲವು ವಾರ ಕಳೆದ ಮೇಲೆ ಸುಶೀಲಾ ಮೇಡಂ ಫೋನ್ ಮಾಡಿ, ಆ ಲಾಕ್ ತೆಗೆದುಬಿಡಿ ಎಂದರು. ನನಗೆ ಸಿಟ್ಟು ಬಂತು. ಅಷ್ಟು ಒಳ್ಳೆಯ ಲಾಕು, ಕೂದಲೆಳೆ ಹೊಂದಿಕೆ ತಪ್ಪದ ಹಾಗೆ ಕೂರಿಸಿದ್ದು. ತಪ್ಪು ಕಂಡರೆ ತೋರಿಸಿ ಎಂದೆ. ಬೆಳಿಗ್ಗೆ ಬೇಗ ಬನ್ನಿ, ತೋರಿಸುತ್ತೇನೆ ಎಂದರು.

ಹೋದೆ. ಗೌರಮ್ಮನವರು ಆ ಬಾಗಿಲಿನ ಗಾಜಿಗೆ ಎರಡೂ ಅಂಗೈ ಹಚ್ಚಿ ನಿಂತಿದ್ದರು. ಕೂದಲು ಬಿಚ್ಚಿಹೋಗಿತ್ತು. ತುಂಬಿದ ಚೊಂಬು ಕಾಲ ಬಳಿ. ಹೊರಗಿನ ಒಣಗಿದ ನೆಲವನ್ನೇ ನೋಡುತ್ತಿದ್ದರು. ಮೇಡಂ ಕಾಫಿ ತಂದು ಕೊಟ್ಟರೆ ಮುಖ ತಿರುಗಿಸಿದರು.

"ಸುಸೀಲಾ, ಯಾರೇ ಹೋಗಿದ್ದು?"

"ಯಾರೂ ಹೋಗಿಲ್ಲ ಅತ್ತೆ. ಎಲ್ಲಾ ಚೆನ್ನಾಗಿದಾರೆ."

"ನನ್ತಾವ ಮುಚ್ಚಿಡಬ್ಯಾಡ. ಹೊಸಲಿಗೆ ನೀರ್ ಬಿದ್ದಿಲ್ಲ, ರಂಗೋಲಿ ಇಲ್ಲ. ಹೆಣ ಇರೋ ಮನೇಲಿ ಯಾರಾದ್ರೂ ಕಾಪಿ ಕುಡೀತಾರಾ?"

ನಮ್ಮ ಕಡೆ ಇದು ಮಕ್ಕಳಿಗೂ ಗೊತ್ತು. ಸಾವಾದ ಮನೆಯ ಮುಂದೆ ರಂಗೋಲಿ ಬಿಡುವುದಿಲ್ಲ, ಒಲೆ ಹಚ್ಚುವುದಿಲ್ಲ. ಬೀದಿಯಲ್ಲಿ ಹೋಗುವಾಗ ಹೊಸಿಲು ಒಣಗಿರುವ ಮನೆ ಕಂಡರೆ, ಏನಾಯಿತೋ ಎಂದು ನಿಂತು ಕೇಳುತ್ತೇವೆ. ಏನೇನೋ ಮರೆತಿದ್ದ ಗೌರಮ್ಮನವರು ಇದನ್ನು ಮರೆತಿರಲಿಲ್ಲ. ನಾನು ಹಾಕಿದ ಲಾಕಿನಿಂದಾಗಿ ಆ ತಾಯಿಗೆ ದಿನಾ ಬೆಳಿಗ್ಗೆ ಮನೆಯಲ್ಲಿ ಒಂದು ಸಾವು.

ಅಡುಗೆಮನೆಯಲ್ಲಿ ಮೇಡಂ ಉಳಿದದ್ದನ್ನು ಹೇಳಿದರು. ಮಗ ಎದುರಿಗೆ ನಿಂತರೆ ಆತ ಬದುಕಿದ್ದಾನೆ ಎಂದು ಸಮಾಧಾನ ಮಾಡಿಕೊಳ್ಳುತ್ತಾರೆ, ಆತ ಆಫೀಸಿಗೆ ಹೊರಟ ಮೇಲೆ ಮತ್ತೆ ಅಳು. ಮಧ್ಯಾಹ್ನದ ಹೊತ್ತಿಗೆ ಮರೆತು, ಹಗಲು ನೋಡಿಕೊಳ್ಳಲು ಬರುವಾಕೆ ಕೊಟ್ಟದ್ದರಲ್ಲಿ ಒಂದು ತುತ್ತು ತಿಂದರೆ ಉಂಟು, ಇಲ್ಲದಿದ್ದರೆ ಇಲ್ಲ. ಕ್ಲಿನಿಕ್ಕಿನಲ್ಲಿ, ಈ ಕಾಯಿಲೆಯಲ್ಲಿ ಹಸಿವು ಹೋಗುವುದುಂಟು ಎಂದು ಟಾನಿಕ್ ಬರೆದುಕೊಟ್ಟರು. ಆಕೆ ಕಣ್ಣೆದುರಿಗೇ ಸೊರಗುತ್ತಿದ್ದರು. ರಜೆಯ ದಿನ ಮೇಡಂ ಬಾಗಿಲು ತೆರೆದು, ತಾವೇ ಪಕ್ಕದಲ್ಲಿ ನಿಂತು ನೀರು ಹಾಕಿಸಿದರು. ಅವತ್ತು ಆಕೆ ಹೊಟ್ಟೆ ತುಂಬ ಇಡ್ಲಿ ತಿಂದರು. ಕಾರಣ ಮೇಡಂಗೆ ಹೊಳೆದದ್ದು ಆಗ. ಆದರೆ ಸ್ಕೂಲಿಗೆ ಹೊರಡುವ ಗಡಿಬಿಡಿಯಲ್ಲಿ ದಿನಾ ಕಾವಲು ನಿಲ್ಲಲು ಆಗುವುದಿಲ್ಲ. ಹಾಗೆ ನಿಂತಿದ್ದ ಒಂದು ದಿನ, ಉಕ್ಕುವ ಹಾಲು ಇಳಿಸಲು ತಿರುಗಿದಷ್ಟರಲ್ಲಿ ಆಕೆ ಗೇಟು ದಾಟಿದ್ದರು.

ನೀವೇ ಮೊದಲು ಎದ್ದು ನೀರು ಹಾಕಿ ರಂಗೋಲಿ ಬಿಟ್ಟುಬಿಡಬಹುದಲ್ಲ ಎಂದೆ ನಾನು.

"ಅದನ್ನೂ ಮಾಡಿ ನೋಡ್ದೆ ರಂಗಣ್ಣ," ಎಂದರು ಮೇಡಂ. "ರಂಗೋಲೀನ ಬಗ್ಗಿ ಬಗ್ಗಿ ನೋಡಿದ್ರು. ಆಮೇಲೆ, ಇದು ನನ್ ಕೈದಲ್ಲ, ಹಂಗಾದ್ರೆ ಹೋಗಿರೋದು ನಾನೇನಾ ಅಂತ ಕೇಳಿದ್ರು."



ದಾರಿ ಹುಡುಕಿದ್ದು ಮೇಡಂ. ಬಾಗಿಲು ಅಮ್ಮನಿಗೆ ಬಿಟ್ಟುಬಿಡೋಣ, ಬೀಗವನ್ನು ಸಿಟ್‌ಔಟಿನ ಅಂಚಿಗೆ ತಳ್ಳೋಣ, ಅಲ್ಲೊಂದು ಗ್ರಿಲ್ ಗೇಟು ಹಾಕಿ, ಒಳಗೆ ನೀರು, ರಂಗೋಲಿಗೆ ಜಾಗ ಇರಲಿ ಎಂದರು. ಮೊದಲು ಅಡ್ಡ ಬಂದವನು ನಾನೇ. ಮತ್ತೆ ಟ್ರ್ಯಾಕಿಗೆ ನೀರು ಬೀಳುತ್ತದಲ್ಲ ಎಂದೆ. ಇಷ್ಟೆಲ್ಲ ಕಣ್ಣಾರೆ ಕಂಡ ಮೇಲೂ ನನ್ನ ಬುದ್ಧಿ ಗಾಲಿಯ ಕಡೆಗೇ ಓಡಿತು ನೋಡಿ. ಆಮೇಲೆ ಅಡ್ಡ ಬಂದವರು ಮಂಜುನಾಥ್. ಬೀದಿಯವರು ಹೆತ್ತತಾಯಿಯನ್ನು ಬೋನಿನಲ್ಲಿ ಇಟ್ಟಿದ್ದಾನೆ ಎನ್ನುತ್ತಾರೆ ಎಂದು ಅವರ ಸಂಕಟ.

"ಈಗ ಇರೋದೂ ಬೋನೇ ಅಲ್ವೇನ್ರೀ," ಎಂದರು ಮೇಡಂ. "ಗಾಜಿಂದು ಅಂತ ನಮ್ಗೆ ಗೊತ್ತಾಗ್ತಿಲ್ಲ, ಅಷ್ಟೆ."

ಮಂಜುನಾಥ್ ಗಾಜಿನ ಕಡೆ ನೋಡಿ, ಆಗಲಿ ಮಾಡಿ ಎಂದರು. ಮಹಡಿಯ ಬಾಡಿಗೆಯವರಿಗೆ ತಾವೇ ಹೇಳಿ, ಸಿಟ್‌ಔಟಿನ ಅಂಚಿಗೆ ನಿಲ್ಲಿಸುತ್ತಿದ್ದ ಸ್ಕೂಟರಿಗೆ ಬೇರೆ ಜಾಗ ಮಾಡಿಕೊಟ್ಟರು.

ನಾನು ಹಾಕಿದ ಲಾಕನ್ನು ನಾನೇ ಬಿಚ್ಚಿದೆ. ಕೀಲಿಯಿಲ್ಲದ, ಬರೀ ತಳ್ಳಿದರೆ ಬಿಡುವ ಹಿಡಿ ಹಾಕುವುದು ಎಂದಾಯಿತು. ಹಿಡಿ ಎಷ್ಟು ಎತ್ತರಕ್ಕೆ ಇರಬೇಕೆಂದು ಅಂಗಡಿಯ ಅಳತೆ ನೋಡಲಿಲ್ಲ, ಗೌರಮ್ಮನವರನ್ನೇ ಬಾಗಿಲ ಬಳಿ ನಿಲ್ಲಿಸಿ ನೋಡಿದೆ. ಬಲಗೈಯಲ್ಲಿ ಚೊಂಬು, ಎಡ ಅಂಗೈಯಿಂದ ತಳ್ಳುತ್ತಾರೆ, ಬೆನ್ನು ಬಾಗಿರುವುದರಿಂದ ಕೈ ಕೆಳಗೇ ಬರುತ್ತದೆ. ಅಲ್ಲಿಗೇ ಕೂರಿಸಿದೆ. ಟ್ರ್ಯಾಕಿನ ಹೊರಮೈಗೆ ನೀರು ಹರಿದುಹೋಗಲು ಸಾಲಾಗಿ ತೂತು ಕೊರೆದೆ, ತುಕ್ಕು ಹಿಡಿಯದ ನೈಲಾನ್ ಗಾಲಿ ಹಾಕಿದೆ, ಸಿಟ್‌ಔಟಿನ ನೆಲಕ್ಕೆ ಗಾರೆಯವರಿಂದ ಇಳಿಜಾರು ಮಾಡಿಸಿದೆ. ಆಯುಷ್ಯವೆಲ್ಲ ನೀರು ಹಾಕಬೇಡಿ ಎಂದು ಹೆಂಗಸರನ್ನು ಗದರಿಸಿದವನು ನೀರು ಹಾಕಲೆಂದೇ ಒಂದು ಬಾಗಿಲು ಮಾಡುತ್ತಿದ್ದೆ. ಇದನ್ನು ಕುಣಿಗಲ್‌ನ ಆ ಯಜಮಾನಿಗೇ ಮಾಡಿಕೊಡಬಹುದಿತ್ತಲ್ಲ ಎಂದೂ ಅನ್ನಿಸಿತು. ತೂತು ಕೊರೆಯುವುದು ಆಗಲೂ ನನಗೆ ಬರುತ್ತಿತ್ತು.

ಗ್ರಿಲ್ಲನ್ನು ಎದೆಮಟ್ಟಕ್ಕೆ ನಿಲ್ಲಿಸಿದೆವು, ಮೇಲೆ ಬಯಲು, ಬೆಳಗಿನ ಬಿಸಿಲು ನೇರವಾಗಿ ಬೀಳಲಿ ಎಂದು. ಅದಕ್ಕೆ ಬೀಗ ಹಾಕಿದ್ದೇವೆ, ಅದನ್ನು ಮುಚ್ಚಿಡಲಾರೆ. ಕೆಲವು ದಿನ ಗೌರಮ್ಮನವರು ಆ ಗ್ರಿಲ್ಲನ್ನು ಹಿಡಿದು ಅಲ್ಲಾಡಿಸಿ, ಸಿ.ಎಸ್. ಪುರದ ಬಸ್ಸಿಗೆ ಹೊತ್ತಾಯಿತು ಬಿಡಿ ಎಂದು ಕೂಗುವುದುಂಟು ಎಂದು ಮೇಡಂ ಆಮೇಲೆ ಹೇಳಿದರು. ಅದಕ್ಕೇ ಹೇಳುತ್ತೇನೆ, ಲಾಕ್ ಬದಲಾಯಿಸಲು ಹೋದ ಮನೆಯಲ್ಲಿ ಕೀಲಿ ಯಾರ ಕೈಗೆ ಹೋಗುತ್ತದೆ ಎಂದು ಕೇಳುವುದರ ಜೊತೆಗೆ, ಯಾರ ಕೈಗೆ ಹೋಗುವುದಿಲ್ಲ ಎಂದೂ ಕೇಳಿಕೊಳ್ಳಿ. ಸಾಧ್ಯವಾದರೆ ಅವರ ಜೊತೆ ಎರಡು ಮಾತಾಡಿ ಬನ್ನಿ. ನಾನು ಮೊದಲ ಸಲ ಹೋದಾಗ ಅವರು ಕೇಳಿದ್ದಕ್ಕೆ ಒಂದು ಮಾತಿನ ಉತ್ತರ ಕೊಟ್ಟು ಬಂದಿದ್ದೆ, ಅಷ್ಟೆ.

ಕೆಲಸ ಮುಗಿದ ಮರುದಿನ ಬೆಳಿಗ್ಗೆ ಬಾಗಿಲು ಹೇಗೆ ಓಡುತ್ತದೆ ನೋಡಲು ಹೋಗಿ ಗ್ರಿಲ್ಲಿನ ಆಚೆ ಓಣಿಯಲ್ಲಿ ನಿಂತೆ. ಒಳಗೆ ಮೇಡಂ ಅಡುಗೆ ಮಾಡುತ್ತಿದ್ದರು, ಕಾವಲಿಗೆ ಯಾರೂ ಇರಲಿಲ್ಲ. ಗೌರಮ್ಮನವರು ಎಡ ಅಂಗೈಯಿಂದ ಬಾಗಿಲು ತಳ್ಳಿದರು. ಅದು ಸರಿಯಿತು. ನೀರು ಹಾಕಿದರು, ಕೈಯಿಂದಲೇ ಉಜ್ಜಿದರು. ನೀರು ತೂತುಗಳಿಂದ ಇಳಿದು ಇಳಿಜಾರಿನಲ್ಲಿ ಹರಿದುಹೋಯಿತು. ನಾನು ತೂತು ಕೊರೆದ ಟ್ರ್ಯಾಕಿಗೆ ಉದ್ದಕ್ಕೂ ಅರಿಶಿನ ಹಚ್ಚಿ ಕುಂಕುಮ ಇಟ್ಟರು. ಆಮೇಲೆ ಕುಕ್ಕರಗಾಲಿನಲ್ಲಿ ಕೂತು, ಚುಕ್ಕಿ ಇಟ್ಟು, ನಡುಗುವ ಗೆರೆ ಎಳೆದು ಒಂದು ಪುಟ್ಟ ರಂಗೋಲಿ ಬಿಟ್ಟರು. ಒಂದು ಚುಕ್ಕಿ ಗೆರೆಯ ಹೊರಗೆ ಉಳಿಯಿತು. ಅದನ್ನು ನೋಡಿ, ಬೆರಳಿನಿಂದ ಅಳಿಸಿ, ಚೌಕಟ್ಟು ಹಿಡಿದುಕೊಂಡು ಮೇಲೆದ್ದರು. ಆಗ ಕಂಡೆ ನಾನು ಅವರ ಕಣ್ಣಿಗೆ.

"ಯಾವೂರ್ ಮಗಾ ನಿಂದು?"

ಹೆಬ್ಬೂರು ಎಂದೆ.

"ಮನೇಲಿ ಎಲ್ಲಾ ಚೆನ್ನಾಗವ್ರಾ?"

ಎಲ್ಲರೂ ಚೆನ್ನಾಗಿದ್ದಾರೆ ಅಮ್ಮ ಎಂದೆ.

"ನಮ್ಮನೇಲೂ ಎಲ್ಲಾ ಚೆನ್ನಾಗವ್ರೆ ಕಣಪ್ಪ," ಎಂದರು. ಆಮೇಲೆ ಒಳಗೆ ತಿರುಗಿ, ಸುಶೀಲಾ, ಕಾಫಿ ತಾರೇ, ಹಸಿವಾಗುತ್ತಿದೆ ಎಂದು ಸೊಸೆಯನ್ನು ಕರೆದರು.